ಅವಧಾನವೂ ಪ್ರಾಣಲಿಂಗವೂ: ಬಳ್ಳಾರಿ ಸೀಮೆಯ ಶಿವಯೋಗ ವಿಚಾರ

ಮನುಷ್ಯನ ಸ್ಥೂಲದೇಹದೊಳಗೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಒಂದು ಸೂಕ್ಷ್ಮ ಚೈತನ್ಯವು ಸಂಚರಿಸುತ್ತಿರುವುದೆಂದೂ, ಚಿತ್ತವನ್ನು ಒಂದೆಡೆಯಲ್ಲಿ ನಿಲಿಸಬಲ್ಲವನಿಗೆ ಅದು ತಾನಾಗಿಯೇ ಗೋಚರಿಸುವುದೆಂದೂ ಭರತಖಂಡದ ಯೋಗಮಾರ್ಗಗಳೆಲ್ಲವೂ ಸಾರುವುವು. ಯೋಗಸೂತ್ರದ ಅನುಯಾಯಿಗಳು ಅದನ್ನು ಪ್ರಾಣವೆಂದರು, ನಾಥಪಂಥದವರು ಕುಂಡಲಿನಿಯೆಂದರು, ಕನ್ನಡ ನಾಡಿನ ಶಿವಶರಣರು ಪ್ರಾಣಲಿಂಗವೆಂದರು. ಹೆಸರು ಬೇರೆಯಾದ ಮಾತ್ರಕ್ಕೆ ವಸ್ತುವೂ ಬೇರೆಯಾಗಬೇಕಾಗಿಲ್ಲ, ದಿಟ. ಆದರೆ ಆ ವಸ್ತುವನ್ನು ಅರಿಯುವ ಕ್ರಮದಲ್ಲಿ ಶರಣರು ತುಳಿದ ದಾರಿ ಉಳಿದವರದರಂತಲ್ಲ. ಆ ಕ್ರಮಕ್ಕೆ ಅವರಿಟ್ಟ ಹೆಸರು ಅವಧಾನ. ಈಚಿನವರಿಗೆ ಅವಧಾನವೆಂದೊಡನೆ ಅಷ್ಟಾವಧಾನ ಶತಾವಧಾನಗಳೆಂಬ ಪಂಡಿತಸಭೆಯ ಚಮತ್ಕಾರವೇ ನೆನಪಿಗೆ ಬರುವುದು. ಶರಣರ ಅವಧಾನದಲ್ಲಿ ಸಭೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಅಂಗದ ಮೇಲೆ ಒಂದು ನೊಣ ಕುಳಿತರೂ, ನಾಲಗೆಯ ಮೇಲೆ ಒಂದು ಅಗುಳು ಬಿದ್ದರೂ ಅದನ್ನು ಮರೆಯದೆ ಅರಿಯುವ ಎಚ್ಚರವೇ ಅಲ್ಲಿಯ ಅವಧಾನ.

ಈ ಎಚ್ಚರವನ್ನು ಕಲಿಸಿದ ಪರಂಪರೆಯ ಇತಿಹಾಸದಲ್ಲಿ ಬಳ್ಳಾರಿ ಸೀಮೆಗೆ ದೊಡ್ಡ ಸ್ಥಾನವುಂಟು. ಕಲ್ಯಾಣದಲ್ಲಿ ಹುಟ್ಟಿದ ಅನುಭಾವವು ಗ್ರಂಥರೂಪವನ್ನು ತಾಳಿದ್ದು ಹೆಚ್ಚಾಗಿ ಹಂಪೆಯ ಸುತ್ತಿನಲ್ಲಿ. ಒಳಗಿನ ಚೈತನ್ಯವನ್ನು ಕಂಡವನಿಗೆ ಹೊರಗಿನ ಕುರುಹು ಬೇಕೋ ಬೇಡವೋ ಎಂಬ ಪ್ರಶ್ನೆಯು ಅಲ್ಲಿ ಗ್ರಂಥದಿಂದ ಗ್ರಂಥಕ್ಕೆ ಬೆಳೆದ ವಿವಾದವಾಯಿತು. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲವಾದ ಕಾರಣ ಅದರ ಹಿಂದುಮುಂದನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲು ಕಲ್ಲಿನ ಮಾತು. ಬಳ್ಳಾರಿ ಪಟ್ಟಣಕ್ಕೆ ಕೆಲವೇ ಮೈಲುಗಳ ದೂರದಲ್ಲಿ, ಹೆಸರಿನಲ್ಲಿಯೇ ಕಲ್ಲನ್ನು ಹೊತ್ತಿರುವ ಸಂಗನಕಲ್ಲು ಎಂಬ ಗ್ರಾಮವಿದೆ. ಅದರ ಸುತ್ತಣ ಗುಡ್ಡಗಳಲ್ಲಿ ಸುಮಾರು ಐದು ಸಾವಿರ ವರುಷಗಳ ಹಿಂದೆ ದನಗಾಹಿಗಳೂ ಒಕ್ಕಲಿಗರೂ ಆದ ನವಶಿಲಾಯುಗದ ಜನರು ನೆಲಸಿದ್ದರು. ರಾಬರ್ಟ್ ಬ್ರೂಸ್ ಫೂಟನು 19ನೆಯ ಶತಮಾನದಲ್ಲಿ ಈ ನೆಲೆಯನ್ನು ಗುರುತಿಸಿದನು. 1946ರಲ್ಲಿ ಬೆಂಡಪೂಡಿ ಸುಬ್ಬರಾಯರು ಇಲ್ಲಿ ಉತ್ಖನನ ನಡೆಯಿಸಿ 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಇಲ್ಲಿಯ ಹಿರೇಗುಡ್ಡದ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ರೇಖಾಚಿತ್ರಗಳು ನೂರಾರು ಇವೆ. ಫಾಸೆಟ್ ಎಂಬಾತನು 1892ರಲ್ಲಿಯೇ ಅವುಗಳ ವಿಷಯವನ್ನು ಬರೆದನು. ಚಿತ್ರಗಳಿಗಿಂತಲೂ ಸೋಜಿಗವೆಂದರೆ, ಅಲ್ಲಿಯ ಕೆಲವು ಬಂಡೆಗಳನ್ನು ಬೇರೊಂದು ಕಲ್ಲಿನಿಂದ ತಟ್ಟಿದರೆ ಅವು ಜಾಗಟೆಯಂತೆ ಧ್ವನಿಗೈಯುವುವು. ತಟ್ಟಿ ತಟ್ಟಿ ಸವೆದ ಕುಳಿಗಳು ಆ ಬಂಡೆಗಳ ಮೈಮೇಲೆ ಇಂದಿಗೂ ಇವೆ. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ವಿದುಷಿಯು ಈ ನಾದಶಿಲೆಗಳನ್ನು ಕುರಿತು ಬರೆದ ಮೇಲೆ ಹೊರದೇಶದ ಪಂಡಿತರಿಗೂ ಇವು ಪರಿಚಿತವಾದುವು. ಗುಡ್ಡವನ್ನು ಜಲ್ಲಿಗಾಗಿ ಒಡೆಯುವವರಿಂದ ಇವಕ್ಕೆ ಬಂದಿರುವ ಅಪಾಯವೂ ಆಗ ಬೆಳಕಿಗೆ ಬಂದಿತು.

ಇಷ್ಟನ್ನು ಕೇಳಿದೊಡನೆ, ಸಂಗನಕಲ್ಲಿನ ಪ್ರಾಚೀನರೂ ನಾದಯೋಗಿಗಳಾಗಿದ್ದರೆಂದು ಹೇಳಿಬಿಡುವ ಆತುರ ಕೆಲವರಿಗೆ ಉಂಟಾಗುವುದು. ಆ ಆತುರ ಸಲ್ಲದು. ಅವರು ಬಂಡೆಯನ್ನು ತಟ್ಟಿದರೆಂಬುದಕ್ಕೆ ಕುಳಿಗಳು ಸಾಕ್ಷಿ. ಏನನ್ನು ನೆನೆದು ತಟ್ಟಿದರೆಂಬುದಕ್ಕೆ ಸಾಕ್ಷಿಯಿಲ್ಲ. ಅವರ ಬೂದಿಗುಡ್ಡೆಗಳು, ಕಲ್ಗೊಡಲಿಗಳು, ಎತ್ತಿನ ಚಿತ್ರಗಳು ಹೇಳುವಷ್ಟನ್ನೇ ಇತಿಹಾಸಕಾರನು ಹೇಳಬೇಕು. ಆದರೂ ಒಂದು ಉಪಕಾರವನ್ನು ಈ ಬಂಡೆಗಳು ಶಿವಯೋಗದ ಜಿಜ್ಞಾಸುವಿಗೆ ಮಾಡುವುವು. ಶಾಸ್ತ್ರಗಳಲ್ಲಿ ನಾದವು ಎರಡು ಬಗೆ: ಎರಡು ವಸ್ತುಗಳ ತಾಡನದಿಂದ ಹುಟ್ಟಿದ್ದು ಆಹತ, ತಾಡನವಿಲ್ಲದೆ ಒಳಗೆ ಕೇಳಬರುವುದು ಅನಾಹತ. ಆಹತನಾದವೆಂದರೇನೆಂದು ತಿಳಿಯಬೇಕಾದವನು ಹಿರೇಗುಡ್ಡಕ್ಕೆ ಹೋಗಿ ಒಂದು ಕ್ಷಣ ಕಿವಿಗೊಟ್ಟರೆ ಸಾಕು. ಸುಮ್ಮನೆ ಬಿದ್ದ ಕಲ್ಲಿನಲ್ಲಿಯೂ ದನಿ ಅಡಗಿದೆಯೆಂಬುದು ಮನಸ್ಸಿಗೆ ನಾಟುವುದು. ಅನಾಹತವನ್ನು ತಿಳಿಯಬೇಕಾದವನು ಮಾತ್ರ ತನ್ನ ಅಂಗದೊಳಗೇ ಹೋಗಬೇಕು. ಅಲ್ಲಿಗೆ ಹೋಗುವ ದಾರಿಯನ್ನು ಈ ಸೀಮೆಯವರು ಹೇಗೆ ಕಲಿತರು?

ಲಿಖಿತವಾದ ಸಾಕ್ಷಿ ದೊರೆಯುವುದು ಶಾಸನಗಳ ಕಾಲದಿಂದ. ಚಾಲುಕ್ಯರ ಕಾಲದಲ್ಲಿ, ಸಿಂದರು ಆಳಿದ ಕುರುಗೋಡೂ ಸೇರಿದಂತೆ ಈ ಸೀಮೆಯಲ್ಲಿ ಶೈವಾಚಾರ್ಯರ ಸ್ಥಾನಗಳು ಹರಡಿಕೊಂಡಿದ್ದುವು. ಆ ಆಚಾರ್ಯರನ್ನು ವರ್ಣಿಸುವಾಗ ಕನ್ನಡ ಶಾಸನಗಳು ಒಂದು ಸಿದ್ಧವಾದ ಸಮಾಸವನ್ನು ಬಳಸುವುವು. ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ, ಮೌನಾನುಷ್ಠಾನ, ಜಪ, ಸಮಾಧಿ ಎಂಬ ಗುಣಗಳಿಂದ ಸಂಪನ್ನರಾದವರು ಎಂಬುದು ಆ ಸಮಾಸದ ತಾತ್ಪರ್ಯ. ದತ್ತಿಯನ್ನು ಬರೆಯಿಸಿದ ದಂಡನಾಯಕನಿಗೂ ಕಲ್ಲನ್ನು ಕಡೆದ ರೂವಾರಿಗೂ ಈ ಮಾತು ಬಾಯಿಪಾಠವಾಗಿತ್ತೆಂದು ತೋರುವುದು. ಯೋಗಾಭ್ಯಾಸವು ಇಲ್ಲಿ ಇತ್ತೆಂಬುದಕ್ಕೆ ಇದು ಪ್ರಮಾಣವೇ ಸರಿ. ಆದರೆ ಧ್ಯಾನದಲ್ಲಿ ಕುಳಿತವನಿಗೆ ಏನು ಅನುಭವವಾಗುತ್ತಿತ್ತು, ಅದನ್ನು ಶಿಷ್ಯನಿಗೆ ಹೇಗೆ ದಾಟಿಸುತ್ತಿದ್ದರು ಎಂಬ ವಿಷಯದಲ್ಲಿ ಶಾಸನವು ಮೌನ. ಅದು ದಾನದ ಲೆಕ್ಕವನ್ನು ಬರೆಯುವ ಕಲ್ಲು. ಅನುಭಾವವನ್ನು ಬರೆಯುವ ಕಲ್ಲಲ್ಲ. ಸಂಸ್ಕೃತದಲ್ಲಿ ಸೂತ್ರಪ್ರಾಯವಾಗಿದ್ದ ಈ ವಿದ್ಯೆಯನ್ನು ಆಡುಮಾತಿನಲ್ಲಿ, ಒಬ್ಬರೊಡನೊಬ್ಬರು ವಾದಿಸುತ್ತ, ತಮ್ಮ ಮೈಯಲ್ಲಾದುದನ್ನು ಮುಚ್ಚಿಡದೆ ಹೇಳಿದವರು ಹನ್ನೆರಡನೆಯ ಶತಮಾನದ ವಚನಕಾರರು.

ಅವರ ಪೈಕಿ ಅಲ್ಲಮಪ್ರಭುಗಳ ಚರಿತ್ರೆಯನ್ನು ಮೊದಲು ಕಾವ್ಯವಾಗಿ ಹಾಡಿದವನು ಹಂಪೆಯ ಹರಿಹರ. ಅವನ ಪ್ರಭುದೇವರ ರಗಳೆಯ ಕಥೆ ಎಲ್ಲರಿಗೂ ತಿಳಿದುದೇ. ಪ್ರಿಯೆಯಾದ ಕಾಮಲತೆಯ ಅಗಲಿಕೆಯಿಂದ ನೊಂದ ಅಲ್ಲಮನು ಒಂದು ವನದಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆದಕುತ್ತಿರಲು ಹುಗಿದುಹೋದ ದೇಗುಲದ ಕಳಸವೊಂದು ತೋರಿತು. ಅಗೆಯಿಸಿ, ಕದವನ್ನು ತೆಗೆದು ಒಳಹೊಕ್ಕರೆ ಅಲ್ಲಿ ಕರಸ್ಥಲದಲ್ಲಿ ಲಿಂಗವನ್ನು ಹಿಡಿದು ಕಣ್ಣೆವೆಯಿಕ್ಕದೆ ಕುಳಿತ ಯೋಗಿ. ಅವನ ಹೆಸರೇ ಅನಿಮಿಷ. ಒಂದು ಮಾತಿಲ್ಲ, ಉಪದೇಶವಿಲ್ಲ. ಅನಿಮಿಷನ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ಯೋಗಿಯ ಪ್ರಾಣವು ಲಿಂಗದೊಡನೆ ಹೋಯಿತು. ಕಥೆಯ ಚಾರಿತ್ರಿಕತೆ ಹೇಗಾದರೂ ಇರಲಿ, ಹರಿಹರನ ಕಾಲಕ್ಕೆ, ಎಂದರೆ ಕ್ರಿ. ಶ. 1200ರ ಸುಮಾರಿಗೆ, ಶಿವಯೋಗವೆಂದರೆ ಕರಸ್ಥಲದ ಲಿಂಗದಲ್ಲಿ ನಟ್ಟ ದೃಷ್ಟಿಯೆಂಬ ಭಾವನೆ ಬಲಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಆ ದೃಷ್ಟಿಯ ಅಭ್ಯಾಸವು ಹೇಗಿರುವುದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಅದೇಕೆಂದರೆ ಲಿಂಗವನ್ನು ಧರಿಸಿದವರಲ್ಲಿಯೂ ಅನೇಕರಿಗೆ ಇದು ಇಂದು ತಿಳಿಯದು. ಇಷ್ಟಲಿಂಗವು ಒಳಗೆ ಶಿಲೆ. ಹೊರಗೆ ಕಂತಿಯೆಂಬ ಕಪ್ಪು ಲೇಪದ ಕವಚ. ಈ ಕಪ್ಪು ಕೇವಲ ಅಲಂಕಾರಕ್ಕಲ್ಲ. ನುಣುಪಾದ ಕಪ್ಪು ಮೈಯ ಮೇಲೆ ದೀಪದ ಬೆಳಕು ಬಿದ್ದಾಗ ಒಂದು ಸಣ್ಣ ಹೊಳಪಿನ ಚುಕ್ಕೆ ಮೂಡುವುದು. ಕಣ್ಣಿಗೆ ನಿಲ್ಲಲು ಅದೇ ನೆಲೆ. ಸಾಧಕನು ಸ್ನಾನ ವಿಭೂತಿಧಾರಣಗಳನ್ನು ಮುಗಿಸಿ, ಬೆನ್ನನ್ನು ನೆಟ್ಟಗೆ ಇರಿಸಿ, ಎಡದ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿಯ ಮಟ್ಟಕ್ಕೆ ತರುವನು. ಕಣ್ಣುಗಳು ಅರೆತೆರೆದಿರಬೇಕು. ಪೂರ್ಣ ತೆರೆದರೆ ಮನಸ್ಸು ಹೊರಕ್ಕೆ ಹರಿಯುವುದು, ಪೂರ್ಣ ಮುಚ್ಚಿದರೆ ನಿದ್ರೆಗೆ ಜಾರುವುದು. ಮೊದಲಿನ ದಿನಗಳಲ್ಲಿ ತೋಳು ನೋಯುವುದು, ಕಣ್ಣು ನೀರಾಡುವುದು, ಮನೆಯ ಚಿಂತೆಗಳೆಲ್ಲ ಒಮ್ಮೆಗೇ ಮುತ್ತಿಕೊಳ್ಳುವುವು. ದಿನಗಳು ಕಳೆದಂತೆ ಉಸಿರು ತಾನಾಗಿಯೇ ನಿಧಾನವಾಗುವುದು. ಆ ಮೇಲೆ ಲಿಂಗವನ್ನು ಹೊತ್ತ ಅಂಗೈಯಲ್ಲಿ ಒಂದು ಬಿಸುಪು ಕಾಣುವುದು. ಹುಬ್ಬುಗಳ ನಡುವೆ ಇರುವೆ ಹರಿದಂತೆ ಮೆಲ್ಲನೆಯ ಸ್ಪಂದ. ಕೆಲವರಿಗೆ ಬೆನ್ನಹುರಿಯಲ್ಲಿ ತಂಪು, ಕೆಲವರಿಗೆ ಕಿವಿಯಲ್ಲಿ ದೂರದ ದುಂಬಿಯ ಮೊರೆತ. ಇವು ಎಲ್ಲರಿಗೂ ಒಂದೇ ತೆರನಾಗಿ ಆಗುವುವೆಂದಾಗಲಿ, ಆಗಲೇಬೇಕೆಂದಾಗಲಿ ಬಲ್ಲವರು ಹೇಳುವುದಿಲ್ಲ.

ಹೀಗೆ ತೋರಿದ್ದನ್ನು ಏನು ಮಾಡಬೇಕೆಂಬಲ್ಲಿಯೇ ಶರಣಮಾರ್ಗವು ಉಳಿದ ಮಾರ್ಗಗಳಿಂದ ಬೇರ್ಪಡುವುದು. ಷಟ್‌ಸ್ಥಲಶಾಸ್ತ್ರವು ದೇಹದಲ್ಲಿ ಆರು ನೆಲೆಗಳನ್ನು ಹೇಳುವುದು. ಆಧಾರ, ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿ, ಆಜ್ಞೆ ಎಂಬೀ ಚಕ್ರಗಳ ಹೆಸರುಗಳೂ, ನಾಲ್ಕರಿಂದ ಹದಿನಾರರವರೆಗೆ ಏರಿ ಕಡೆಗೆ ಎರಡಾಗುವ ದಳಗಳ ಎಣಿಕೆಯೂ ಹಠಯೋಗದವೇ. ಆದರೆ ಅಲ್ಲಿ ದೇವತೆಗಳಿದ್ದ ಎಡೆಯಲ್ಲಿ ಇಲ್ಲಿ ಕ್ರಮವಾಗಿ ಆಚಾರಲಿಂಗ, ಗುರುಲಿಂಗ, ಶಿವಲಿಂಗ, ಜಂಗಮಲಿಂಗ, ಪ್ರಸಾದಲಿಂಗ, ಮಹಾಲಿಂಗಗಳು ನಿಂತುವು. ಅಷ್ಟಕ್ಕೇ ಮುಗಿಯಲಿಲ್ಲ. ಇದೇ ಆರು ಲಿಂಗಗಳನ್ನು ಮೂಗು, ನಾಲಗೆ, ಕಣ್ಣು, ತ್ವಕ್ಕು, ಕಿವಿ, ಹೃದಯಗಳೆಂಬ ಮುಖಗಳಲ್ಲಿಯೂ ನೆಲೆಗೊಳಿಸಿದರು. ಇದರ ಫಲವೇನೆಂಬುದನ್ನು ಗಮನಿಸಬೇಕು. ಹಠಯೋಗಿಯ ಚಕ್ರವು ಬೆನ್ನಹುರಿಯಲ್ಲಿ ಬಚ್ಚಿಟ್ಟುಕೊಂಡಿರುವುದು. ಅದನ್ನು ಮುಟ್ಟಲು ಅವನು ಗುಹೆಯನ್ನು ಸೇರಬೇಕು. ಶರಣನ ಲಿಂಗವಾದರೋ ಉಣ್ಣುವಾಗ ನಾಲಗೆಯಲ್ಲಿಯೂ, ನಡೆಯುವಾಗ ಮೈಯಲ್ಲಿಯೂ, ಕೇಳುವಾಗ ಕಿವಿಯಲ್ಲಿಯೂ ಇರುವುದು.

ಜೋಳದ ರೊಟ್ಟಿಯ ಒಂದು ತುತ್ತನ್ನೇ ತೆಗೆದುಕೊಳ್ಳಬಹುದು. ಹೆಂಚಿನಿಂದ ಇಳಿದ ರೊಟ್ಟಿಯ ಕಮ್ಮನ್ನ ಕಂಪು ಮೂಗಿನ ಆಚಾರಲಿಂಗಕ್ಕೆ. ಅದರ ಬಣ್ಣ, ಸುಟ್ಟ ಚುಕ್ಕೆಗಳು ಕಣ್ಣಿನ ಶಿವಲಿಂಗಕ್ಕೆ. ಬೆರಳಿಗೆ ತಾಗುವ ಬಿಸಿ ತ್ವಕ್ಕಿನ ಜಂಗಮಲಿಂಗಕ್ಕೆ. ಮುರಿಯುವ ಸಪ್ಪಳ ಕಿವಿಯ ಪ್ರಸಾದಲಿಂಗಕ್ಕೆ. ರುಚಿ ನಾಲಗೆಯ ಗುರುಲಿಂಗಕ್ಕೆ. ಉಂಡ ತೃಪ್ತಿ ಹೃದಯದ ಮಹಾಲಿಂಗಕ್ಕೆ. ಒಂದೊಂದನ್ನೂ ಅರಿತು ಅರ್ಪಿಸಿ ಅನಂತರ ಸ್ವೀಕರಿಸುವುದೇ ಅರ್ಪಿತಾವಧಾನ. ಚೆನ್ನಬಸವಣ್ಣನವರು ಈ ಶಾಸ್ತ್ರದ ಪರಮಾಚಾರ್ಯರು; ಅಂಗದ ತತ್ತ್ವಗಳನ್ನೂ ಕರಣಗಳನ್ನೂ ವಿಂಗಡಿಸಿ ತೋರುವ ಕರಣಹಸುಗೆಯು ಅವರ ಹೆಸರಿನಲ್ಲಿಯೇ ನಡೆದುಬಂದಿದೆ. ಒಕ್ಕಲಿಗನಿಗೂ, ನೇಕಾರನಿಗೂ, ಮನೆವಾರ್ತೆಯ ಹೆಂಗಸಿಗೂ ದಿನಕ್ಕೆ ಎರಡು ಹೊತ್ತು ಊಟವುಂಟಷ್ಟೆ. ಅವರಿಗೆ ದಿನಕ್ಕೆ ಎರಡು ಹೊತ್ತು ಯೋಗವೂ ಉಂಟಾಯಿತು. ಯೋಗವಿದ್ಯೆಯ ಇತಿಹಾಸದಲ್ಲಿ ಇದು ಸಣ್ಣ ಕ್ರಾಂತಿಯೇನೂ ಅಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ದಾರಿಯೊಂದನ್ನು ಪರಂಪರೆಯು ಗೋರಕ್ಷನ ಪ್ರಸಂಗದಲ್ಲಿ ಚಿತ್ರಿಸಿದೆ. ಶೂನ್ಯಸಂಪಾದನೆಯಲ್ಲಿಯೂ, ಪ್ರೌಢದೇವರಾಯನ ಕಾಲದ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಅದು ಬಂದಿದೆ. ಗೋರಕ್ಷನು ಸಾಧನೆಯಿಂದ ತನ್ನ ಕಾಯವನ್ನು ವಜ್ರದಂತೆ ಮಾಡಿಕೊಂಡಿದ್ದನು. ಖಡ್ಗದಿಂದ ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಖಣಿಲೆಂದಿತೇ ಹೊರತು ಒಂದು ರೋಮವೂ ಹರಿಯಲಿಲ್ಲ. ಅದೇ ಖಡ್ಗವನ್ನು ಗೋರಕ್ಷನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಹರಿದಂತೆ ಹರಿದುಹೋಯಿತು. ಸಪ್ಪಳವೂ ಇಲ್ಲ, ತಡೆಯೂ ಇಲ್ಲ. ಗೋರಕ್ಷನು ತನ್ನ ಕೊರತೆಯನ್ನು ಅರಿತುಕೊಂಡನು. ಪವಾಡವನ್ನು ಬದಿಗಿಟ್ಟು ತಾತ್ಪರ್ಯವನ್ನು ನೋಡಿದರೆ ಮಾತು ಸ್ಪಷ್ಟವಾಗಿದೆ. ದೇಹದೊಳಗೆ ಶಕ್ತಿಯನ್ನು ಎಚ್ಚರಿಸಿದವನು ಅದನ್ನು ತನ್ನದಾಗಿ ಕೂಡಿಟ್ಟುಕೊಂಡರೆ ಅವನ ಅಹಂಕಾರವೇ ಗಟ್ಟಿಗೊಳ್ಳುವುದು. ಅರ್ಪಿಸಿದರೆ ತಡೆಯುವುದಕ್ಕೆ ಒಳಗೆ ಯಾರೂ ಉಳಿಯರು. ಅಂಗೈಯ ಬಿಸುಪನ್ನೂ ಹುಬ್ಬಿನ ಸ್ಪಂದವನ್ನೂ ಸಿದ್ಧಿಯೆಂದು ಎಣಿಸಿ ಊರೆಲ್ಲ ಹೇಳಿಕೊಂಡು ತಿರುಗುವವರಿಗೆ ಗೋರಕ್ಷನ ಕಥೆಯನ್ನು ಎರಡು ಸಲ ಓದಿಸುವುದು ಲೇಸು.

ಇನ್ನು ಪ್ರಕೃತ ಪ್ರಶ್ನೆ. ಪ್ರಾಣಲಿಂಗವು ಒಳಗೇ ಇರುವುದಾದರೆ, ಅವಧಾನದಿಂದ ಅದು ತಿಳಿಯುವುದಾದರೆ, ಕೈಯಲ್ಲೊಂದು ಕುರುಹೇಕೆ? ಈ ಪ್ರಶ್ನೆಯನ್ನು ಎತ್ತಿದುದು ಸೊನ್ನಲಿಗೆಯ ಸಿದ್ಧರಾಮನ ಜೀವನ. ಸಿದ್ಧರಾಮನು ಬಾಲ್ಯದಿಂದಲೇ ಶ್ರೀಶೈಲದ ಮಲ್ಲಯ್ಯನಲ್ಲಿ ಮನಸ್ಸನ್ನು ನೆಟ್ಟ ಶಿವಯೋಗಿ; ಕೆರೆಯನ್ನು ಕಟ್ಟಿಸಿದವನು, ಗುಡಿಗಳನ್ನು ನಿಲಿಸಿದವನು. ನಾದ ಬಿಂದು ಕಳೆಗಳ ವಿಚಾರವು ಅವನ ವಚನಗಳಲ್ಲಿ ಹೇರಳವಾಗಿದೆ. ಆದರೆ ಕಲ್ಯಾಣಕ್ಕೆ ಬರುವವರೆಗೆ ಅವನ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲವೆಂದು ಪರಂಪರೆಯ ಮತ. ಅಲ್ಲಮನು ಸೊನ್ನಲಿಗೆಗೆ ಹೋಗಿ ಅವನನ್ನು ಒಡ್ಡನೆಂದು ಕೆಣಕಿ, ವಾದದಲ್ಲಿ ಒಲಿಸಿ, ಕಲ್ಯಾಣಕ್ಕೆ ಕರೆತಂದನು. ಮುಂದೇನಾಯಿತೆಂಬಲ್ಲಿ ಗ್ರಂಥಗಳು ಒಡೆದುಕೊಳ್ಳುವುವು.

ವಿಜಯನಗರದಲ್ಲಿ ಎರಡನೆಯ ದೇವರಾಯನು 1424ರಿಂದ 1446ರವರೆಗೆ ಆಳಿದನು. ಅವನ ಕಾಲದಲ್ಲಿ ನೂರೊಂದು ವಿರಕ್ತರು ಅಲ್ಲಿ ನೆರೆದಿದ್ದರೆಂಬುದು ವೀರಶೈವ ಸಾಹಿತ್ಯದಲ್ಲಿ ಪ್ರಸಿದ್ಧ. ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ಬರೆದದ್ದು, ಮಹಾಲಿಂಗದೇವ ಜಕ್ಕಣಾರ್ಯರು ಏಕೋತ್ತರ ಶತಸ್ಥಲವನ್ನು ವ್ಯವಸ್ಥೆಗೊಳಿಸಿದ್ದು ಆಗಲೇ. ಚದರಿಹೋಗಿದ್ದ ವಚನಗಳನ್ನು ಕೂಡಿಸಿ, ಸ್ಥಲಗಳಲ್ಲಿ ಜೋಡಿಸಿ, ಅನುಭಾವವನ್ನು ಶಾಸ್ತ್ರವನ್ನಾಗಿ ಮಾಡಿದ ಕಾಲವದು. ಹಂಪೆಯು 2021ರಿಂದ ವಿಜಯನಗರವೆಂಬ ಬೇರೆ ಜಿಲ್ಲೆಗೆ ಸೇರಿರುವುದಾದರೂ ಅದಕ್ಕೂ ಬಳ್ಳಾರಿಗೂ ಇರುವ ಸಂಬಂಧವನ್ನು ಜಿಲ್ಲೆಯ ಗಡಿಯು ಅಳಿಸಲಾರದು. ಈ ವಾತಾವರಣದಲ್ಲಿಯೇ ಶಿವಗಣಪ್ರಸಾದಿ ಮಹದೇವಯ್ಯಗಳು ಅಲ್ಲಮ ಮತ್ತು ಶರಣರ ಸಂವಾದಗಳನ್ನು ಹೆಣೆದು ಮೊದಲ ಶೂನ್ಯಸಂಪಾದನೆಯನ್ನು ರಚಿಸಿದರು. ಅವರ ಗ್ರಂಥದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ಒಳಗೆ ಲಿಂಗವನ್ನು ಕಂಡವನಿಗೆ ಹೊರಗಿನದನ್ನು ಕಟ್ಟುವುದು ಅನಾವಶ್ಯಕವೆಂಬುದೇ ಅವರ ಇಂಗಿತವೆಂದು ತಿಳಿಯಬೇಕಾಗುವುದು.

ಅನಂತರ ಬಂದ ಹಲಗೆಯಾರ್ಯರಿಗೆ ಇದು ಸಮ್ಮತವಾಗಲಿಲ್ಲ. ಲಿಂಗವಿಲ್ಲದವನನ್ನು ಶರಣನೆನ್ನಬಹುದೇ? ಒಬ್ಬನಿಗೆ ಬಿಟ್ಟುಕೊಟ್ಟರೆ ನಾಳೆ ಪ್ರತಿಯೊಬ್ಬನೂ ತನಗೆ ಒಳಗಿನದು ತಿಳಿದಿದೆಯೆಂದು ಹೇಳಿ ಹೊರಗಿನದನ್ನು ಬಿಚ್ಚಿಡುವುದಿಲ್ಲವೇ? ಅವರು ಶೂನ್ಯಸಂಪಾದನೆಯನ್ನು ಮತ್ತೆ ಜೋಡಿಸಿ, ಚೆನ್ನಬಸವಣ್ಣನವರಿಂದ ಸಿದ್ಧರಾಮನಿಗೆ ದೀಕ್ಷೆಯಾದ ಪ್ರಕರಣವನ್ನು ಸೇರಿಸಿದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ, ಕಡೆಗೆ ತೋಂಟದ ಸಿದ್ಧಲಿಂಗರ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರೂ ಗ್ರಂಥವನ್ನು ಮರಳಿ ಪರಿಷ್ಕರಿಸಿದರು. ಗೂಳೂರವರ ಕೃತಿಯಲ್ಲಿ ದೀಕ್ಷೆಯ ಪ್ರಕರಣವು ಉಳಿದಿದೆ. ಒಂದು ಗ್ರಂಥವು ನಾಲ್ಕು ಸಲ ಹುಟ್ಟಲು ಮುಖ್ಯಕಾರಣಗಳಲ್ಲಿ ಈ ಒಬ್ಬ ಯೋಗಿಯ ಕೊರಳಿನ ಲಿಂಗವೂ ಒಂದೆಂಬುದು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ.

ಯಾರ ಪಕ್ಷವು ಸರಿ? ಚರಿತ್ರೆಯ ದೃಷ್ಟಿಯಿಂದ ಮಹದೇವಯ್ಯಗಳ ಗ್ರಂಥವು ಹಳೆಯದು, ಅದನ್ನು ಅಲ್ಲಗಳೆಯಲಾಗದು. ದೀಕ್ಷಾಪ್ರಸಂಗವನ್ನು ಸೇರಿಸಿದವರು ಸಮುದಾಯದ ಕಟ್ಟನ್ನು ಕಾಯುವ ಕಾಳಜಿಯಿಂದ ಸೇರಿಸಿದರೆಂದು ಹೇಳುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಸಾಧನೆಯ ದೃಷ್ಟಿಯಿಂದ ನೋಡಿದರೆ ಹಲಗೆಯಾರ್ಯರು ಕೇವಲ ಕಟ್ಟಳೆಗಾಗಿ ಹಟ ಹಿಡಿದರೆಂದು ಹೇಳುವುದು ಅನ್ಯಾಯವಾಗುವುದು. ದೀಕ್ಷಾಕ್ರಮವನ್ನೇ ನೋಡಬಹುದು. ವೇಧಾದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು ಅಲ್ಲಿಯ ಚಿತ್ಕಳೆಯನ್ನು ಎಚ್ಚರಿಸುವನು. ಮಂತ್ರದೀಕ್ಷೆಯಲ್ಲಿ ಅದನ್ನು ಕಿವಿಯ ಮೂಲಕ ಪ್ರಾಣದಲ್ಲಿ ನೆಲೆಗೊಳಿಸುವನು. ಕ್ರಿಯಾದೀಕ್ಷೆಯಲ್ಲಿ ಅದೇ ಕಳೆಯನ್ನು ಲಿಂಗದಲ್ಲಿ ತುಂಬಿ ಕರಸ್ಥಲಕ್ಕೆ ಕೊಡುವನು. ಎಂದ ಮೇಲೆ ಅಂಗೈಯಲ್ಲಿರುವುದು ಹೊರಗಿನ ವಸ್ತುವೇ ಅಲ್ಲ. ಶಿಷ್ಯನ ಒಳಗಿದ್ದುದೇ ಅವನ ಕಣ್ಣೆದುರಿಗೆ ಬಂದು ಕುಳಿತಿರುವುದು. ಕಾರಣ, ಸೂಕ್ಷ್ಮ, ಸ್ಥೂಲಗಳೆಂಬ ಮೂರು ತನುಗಳಿಗೆ ಭಾವ, ಪ್ರಾಣ, ಇಷ್ಟಗಳೆಂಬ ಮೂರು ಲಿಂಗಗಳನ್ನು ಹೇಳಿದುದರ ಮರ್ಮವಿದು. ಕಣ್ಣು ತನ್ನನ್ನು ತಾನು ಕಾಣಲಾರದು, ಕನ್ನಡಿ ಬೇಕು. ಕನ್ನಡಿಯನ್ನು ನೋಡುವವನು ಗಾಜನ್ನು ನೋಡುತ್ತಿದ್ದಾನೆಂದು ಯಾರೂ ಹೇಳರು.

ಕುರುಹಿಲ್ಲದ ಧ್ಯಾನದಲ್ಲಿ ಇನ್ನೊಂದು ತೊಡಕೂ ಉಂಟು. ಒಳಗೆ ತೋರಿದ್ದೆಲ್ಲವೂ ಚೈತನ್ಯವಲ್ಲ. ಹಸಿವು, ವಾತ, ಜ್ವರ, ಭಯ, ಆಸೆ ಇವೂ ಮೈಯಲ್ಲಿ ಸ್ಪಂದವನ್ನೆಬ್ಬಿಸುವುವು. ಕಿವಿಯಲ್ಲಿ ಬಿಡದೆ ಮೊರೆತ ಕೇಳಿದರೆ ಅದು ಅನಾಹತವೆಂದು ಹಿಗ್ಗುವುದಕ್ಕೆ ಮೊದಲು ವೈದ್ಯರನ್ನು ಕಾಣುವುದು ವಿವೇಕ. ಕರಸ್ಥಲದ ಮೇಲೆ ದೃಷ್ಟಿಯಿದ್ದವನಿಗೆ ಒಂದು ಒರೆಗಲ್ಲು ದೊರೆಯುವುದು: ಸ್ಪಂದವು ಬಂದಾಗ ದೃಷ್ಟಿಯು ಕದಲಿತೇ ಇಲ್ಲವೇ? ಕದಲಿಸಿದ್ದು ವಿಕಾರ, ಕದಲಿಸದೆ ಇನ್ನೂ ನಿಲಿಸಿದ್ದು ಪ್ರಸಾದ. ಬಲ್ಲ ಗುರುಗಳು ಶಿಷ್ಯನನ್ನು ಹೀಗೆಯೇ ಪರೀಕ್ಷಿಸುವರು. ಮಹದೇವಯ್ಯಗಳು ಸಿದ್ಧರಾಮನಂತಹ ಒಬ್ಬನ ವಿಷಯವನ್ನು ಹೇಳಿದರು. ಹಲಗೆಯಾರ್ಯರು ಸಿದ್ಧರಾಮನಲ್ಲದ ಉಳಿದವರೆಲ್ಲರ ವಿಷಯವನ್ನು ನೆನೆದರು. ಇಬ್ಬರೂ ತಪ್ಪಿದವರಲ್ಲ. ಆದರೆ ಪಾಠಶಾಲೆಯನ್ನು ನಡೆಯಿಸಬೇಕಾದವರು ಹಲಗೆಯಾರ್ಯರ ದಾರಿಯನ್ನೇ ಹಿಡಿಯಬೇಕಾಗುವುದು.

ಆಧುನಿಕರು ಎತ್ತುವ ಆಕ್ಷೇಪವೊಂದನ್ನು ಇಲ್ಲಿ ಬಿಡಲಾಗದು. ಚಕ್ರಗಳು ನಿಜವಾಗಿ ದೇಹದಲ್ಲಿವೆಯೇ ಎಂಬುದು ಆ ಆಕ್ಷೇಪ. ಆರ್ಯಸಮಾಜದ ಸ್ಥಾಪಕರಾದ ದಯಾನಂದ ಸರಸ್ವತಿಗಳು ತರುಣರಾಗಿದ್ದಾಗ ಗಂಗೆಯಲ್ಲಿ ತೇಲಿಬಂದ ಶವವನ್ನು ಕೊಯ್ದು, ಯೋಗಗ್ರಂಥಗಳಲ್ಲಿ ಹೇಳಿದ ನಾಡೀಚಕ್ರಗಳನ್ನು ಹುಡುಕಿ, ಕಾಣದೆ, ಆ ಗ್ರಂಥಗಳನ್ನು ಹರಿದು ಹೊಳೆಗೆ ಎಸೆದರೆಂದು ತಮ್ಮ ಆತ್ಮಚರಿತ್ರೆಯಲ್ಲಿ ತಾವೇ ಹೇಳಿಕೊಂಡಿರುವರು. ಶರೀರಶಾಸ್ತ್ರವು ಇಂದಿಗೂ ಅಂತಹ ದಳಗಳನ್ನಾಗಲಿ ಪದ್ಮಗಳನ್ನಾಗಲಿ ಕಂಡಿಲ್ಲ. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಕ್ಷ-ಕಿರಣ ಮೊದಲಾದ ಸಾಧನಗಳಿಂದ ಯೋಗಕ್ರಿಯೆಗಳನ್ನು ಪರೀಕ್ಷಿಸತೊಡಗಿದ ಮೇಲೆ ಅಳತೆಗೆ ಸಿಕ್ಕಿದುದೆಂದರೆ ಉಸಿರು, ನಾಡಿಬಡಿತ, ಒಳಗಿನ ಒತ್ತಡ ಇಂತಹವು. ನಿಧಾನವಾದ ಉಸಿರಿನಿಂದ ಹೃದಯದ ಬಡಿತವು ಶಾಂತವಾಗುವುದೆಂದೂ, ದೇಹದ ಯಾವ ಭಾಗದ ಮೇಲೆ ಮನಸ್ಸನ್ನು ಇಡಲಾಗುವುದೋ ಆ ಭಾಗದ ಸಂವ��ದನೆ ಹರಿತವಾಗುವುದೆಂದೂ, ಅಂಗೈ ಬೆರಳ ತುದಿಗಳಲ್ಲಿ ಸ್ಪರ್ಶದ ನರಾಗ್ರಗಳು ದಟ್ಟವಾಗಿರುವುವೆಂದೂ ವಿಜ್ಞಾನಿಗಳು ಒಪ್ಪುವರು. ಅಂಗೈಯ ಬಿಸುಪಿಗೆ ಇಷ್ಟರಿಂದಲೇ ಬಹುಮಟ್ಟಿಗೆ ಸಮಾಧಾನ ಸಿಕ್ಕಬಹುದು. ಶಿವಯೋಗಿಗೆ ಇದರಿಂದ ಕುಂದೇನೂ ಇಲ್ಲ. ಷಟ್‌ಸ್ಥಲದ ನೆಲೆಗಳು ಕೊಯ್ದು ನೋಡಬೇಕಾದ ಅವಯವಗಳಲ್ಲ. ಅವಧಾನವನ್ನು ಇರಿಸಬೇಕಾದ ಸ್ಥಾನಗಳು. ಶವದಲ್ಲಿ ಅವಧಾನವಿಲ್ಲವಾದ್ದರಿಂದ ಅಲ್ಲಿ ಅವು ಸಿಕ್ಕಲಿಲ್ಲ. ಚಕ್ರಗಳನ್ನು ಮಾಂಸಖಂಡಗಳೆಂದು ವರ್ಣಿಸಿ ವೈಜ್ಞಾನಿಕವೆಂಬ ಹೆಸರಿನಲ್ಲಿ ಮಾರುವವರು ದಯಾನಂದರ ಕತ್ತರಿಗೆ ತಾವೇ ಕೊರಳೊಡ್ಡುವರು.

ವಿಜಯನಗರವು 1565ರಲ್ಲಿ ಹಾಳಾದ ಬಳಿಕ ಈ ವಿದ್ಯೆಯು ಮಠಗಳ ಗದ್ದುಗೆಗಳಲ್ಲಿ, ಗುರುಶಿಷ್ಯರ ಪಿಸುಮಾತಿನಲ್ಲಿ ಉಳಿಯಿತು. ನಿಜಗುಣಶಿವಯೋಗಿಗಳ ಶಾಸ್ತ್ರಗಳು ಹಳ್ಳಿಹಳ್ಳಿಗಳಲ್ಲಿ ಪುರಾಣಪ್ರವಚನಗಳ ಮೂಲಕ ಅದನ್ನು ಜೀವಂತವಾಗಿರಿಸಿದುವು. ಆದರೆ ಓದಿನಿಂದ ಬಂದುದು ತಿಳಿವಳಿಕೆಯೇ ಹೊರತು ಅಭ್ಯಾಸವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ದೀಕ್ಷೆಯು ಎಳವೆಯಲ್ಲಿ ನಡೆಯುವ ಒಂದು ಸಂಸ್ಕಾರವಾಗಿಯೂ, ಲಿಂಗವು ಬೆಳ್ಳಿಯ ಕರಡಿಗೆಯೊಳಗಿನ ಒಡವೆಯಾಗಿಯೂ ಬಹುಮಂದಿಗೆ ಉಳಿದಿತ್ತು. ಕರಡಿಗೆಯನ್ನು ತೆರೆಯದವನಿಗೆ ಕಂತಿಯ ಹೊಳಪು ಎಲ್ಲಿಂದ ಕಾಣಬೇಕು?

ಈ ಕೊರತೆಯನ್ನು ಕಂಡು ಕೆಲಸಕ್ಕೆ ತೊಡಗಿದವರು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು. 1867ರಲ್ಲಿ ಜನಿಸಿದ ಅವರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ತೆರೆದರು. ಸಭೆಯ ಕೆಲಸಕ್ಕಿಂತ ಈ ಎರಡನೆಯದೇ ಹೆಚ್ಚಿನದೆಂದು ಧೈರ್ಯವಾಗಿ ಹೇಳಬಹುದು. ಎಳೆಯ ವಟುಗಳನ್ನು ಸಾಧಕರನ್ನಾಗಿ ಮಾಡಿ ಮಠಗಳಿಗೆ ಕಳುಹಬೇಕೆಂಬುದು ಅದರ ಉದ್ದೇಶ. ಅಲ್ಲಿ ಸಂಸ್ಕೃತ ಸಾಹಿತ್ಯಗಳ ಪಾಠ ಮಾತ್ರವಲ್ಲದೆ ಯೋಗಾಸನಗಳ ಶಿಕ್ಷಣವೂ, ತ್ರಿಕಾಲ ಲಿಂಗಪೂಜೆಯೂ ನಡೆಯುತ್ತಿದ್ದುವು. ವಿಭೂತಿಯನ್ನು ಅಲ್ಲಿಯೇ ಗೋಶಾಲೆಯ ಗೋಮಯದಿಂದ ತಯಾರಿಸುವರು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಅಲ್ಲಿ ಕಲಿತವರು ಅನೇಕ ಮಠಗಳ ಪೀಠಗಳನ್ನು ಏರಿದರು.

ಅವರ ಕೃಪೆಗೆ ಪಾತ್ರರಾದವರಲ್ಲಿ ಹುಟ್ಟುಗುರುಡರಾದ ಒಬ್ಬ ಬಾಲಕರೂ ಇದ್ದರು. ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಖ್ಯಾತರಾದವರು ಅವರೇ. 1892ರಿಂದ 1944ರವರೆಗೆ ಬಾಳಿದವರು. ಅವರ ಶಿಷ್ಯರಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲಿಯೇ ಕಣ್ಣನ್ನು ಕಳೆದುಕೊಂಡವರು; 1914ರಲ್ಲಿ ಜನಿಸಿ 2010ರಲ್ಲಿ ಲಿಂಗೈಕ್ಯರಾದರು. ಲಿಂಗಪೂಜೆಯಲ್ಲಿ ಇಬ್ಬರದೂ ಕಠಿಣವಾದ ನಿಷ್ಠೆ. ದೃಷ್ಟಿಯೋಗವೇ ಶಿವಯೋಗವೆಂದು ತಿಳಿದವರು ಇಲ್ಲಿ ನಿಂತು ಯೋಚಿಸಬೇಕು. ಅನಿಮಿಷನಿಗೆ ಎವೆಯಿಕ್ಕದ ಕಣ್ಣಿತ್ತು. ಇವರಿಗೆ ಕಣ್ಣೇ ಇರಲಿಲ್ಲ. ಕಂತಿಯ ಮೇಲಿನ ಹೊಳಪಿನ ಚುಕ್ಕೆ ಇವರಿಗೆ ಒಂದು ದಿನವೂ ಕಂಡುದಿಲ್ಲ. ಇವರ ಪಾಲಿಗೆ ಇದ್ದುದು ಅಂಗೈಯಲ್ಲಿಯ ಲಿಂಗದ ಭಾರ, ಬೆರಳಿಗೆ ಹತ್ತುವ ಅದರ ನುಣುಪು, ಅಭಿಷೇಕದ ನೀರಿನ ತಂಪು, ಧೂಪದ ಕಂಪು, ಮತ್ತು ಕಿವಿ ತುಂಬ ಶ್ರುತಿ. ಜಂಗಮಲಿಂಗವು ತ್ವಕ್ಕಿನಲ್ಲಿಯೂ ಪ್ರಸಾದಲಿಂಗವು ಶ್ರೋತ್ರದಲ್ಲಿಯೂ ಇರುವುದೆಂಬ ಶಾಸ್ತ್ರವಚನವನ್ನು ಕಣ್ಣುಳ್ಳವರು ಓದಿ ತಲೆದೂಗಿದರು. ಈ ಗುರುಶಿಷ್ಯರು ಪ್ರತಿದಿನವೂ ಬೆಳಗಿನ ಜಾವದಲ್ಲಿ ಪೂಜೆಗೆ ಕುಳಿತು ಅದನ್ನು ಬೆರಳ ತುದಿಯಿಂದ ಓದಿದರು.